ಚಿಲ್ಲರ್ ರೂಮಿನ ಗೊಬ್ಬರ

"ಮೇಡಂ, ನೆಲ ಮೂಸ್ತಾ ಇದ್ದೀರಾ?"

"ಹೂಂ, ಮೂಸ್ತಾ ಇದ್ದೀನಿ. ನಿನ್ನ ಕೈಲಿ ಆಗದ ಕೆಲಸ ಯಾರಾದ್ರೂ ಮಾಡಬೇಕಲ್ಲಪ್ಪ."

ಇನ್ಸ್‌ಪೆಕ್ಟರ್ ಬಾಗಿಲಲ್ಲೇ ನಿಂತು ಮೂಗಿಗೆ ಕರವಸ್ತ್ರ ಹಿಡಿದಿದ್ದ. ನನ್ನ ಕೈಕೆಳಗೆ ಪೇದೆಯಾಗಿ ಸೇರಿದ ಹುಡುಗ ಅವನು. ನಾನು ನಿವೃತ್ತಳಾಗಿ ಮೊಣಕಾಲು ನೋವು ಸಾಕಿಕೊಂಡು ಕೂತೆ, ಅವನ ಹೆಗಲಿಗೆ ನಕ್ಷತ್ರಗಳು ಬಂದವು. ಒಳಗೆ ಬರಲು ಮಾತ್ರ ಇವತ್ತಿಗೂ ಭಯ.

ಭಯ ಸುಮ್ಮನೆ ಅಲ್ಲ. ಮೊನ್ನೆ ಇದೇ ನೆಲಮಾಳಿಗೆಯಲ್ಲಿ, ಇಡೀ ಗಾಜಿನ ಕಟ್ಟಡವನ್ನು ತಂಪು ಮಾಡುವ ಇದೇ ಚಿಲ್ಲರ್ ಯಂತ್ರದ ಹಿಂದೆ, ಕಟ್ಟಡದ ಕರೆಂಟು ಮತ್ತು ಹೊಗೆಯ ಲೆಕ್ಕ ಪರೀಕ್ಷಿಸಲು ಬಂದ ಆಡಿಟರ್ ಉಸಿರುಕಟ್ಟಿ ಸತ್ತುಬಿದ್ದಿದ್ದ. ಯಂತ್ರದ ಗ್ಯಾಸ್ ಸೋರಲು ಬಿಟ್ಟ ಅಂತ ಇಲ್ಲಿಯ ಮೆಕ್ಯಾನಿಕ್ಕನ್ನು ಠಾಣೆಯಲ್ಲಿ ಕೂರಿಸಿಕೊಂಡಿದ್ದರು. ಆ ಮೆಕ್ಯಾನಿಕ್ ನನ್ನ ತಂಗಿಯ ಮಗಳ ಗಂಡ. ಇವತ್ತು ಸಂಜೆಯೊಳಗೆ ಬೇರೆ ಏನಾದರೂ ಸಿಗದಿದ್ದರೆ ಅವನ ಮೇಲೆ ಕೇಸು ಬರೆದು ಜೈಲಿಗೆ ಕಳಿಸುತ್ತಾರೆ.

ಹೆಣ ಎತ್ತಿದ ಮೇಲೆ ಯಾವನೋ ಪುಣ್ಯಾತ್ಮ ಪೇದೆ ರೂಮಿಗೆಲ್ಲ ಸುವಾಸನೆಯ ಸ್ಪ್ರೇ ಹೊಡೆದಿದ್ದ. ಮಲ್ಲಿಗೆಯಂತೆ! ಸಾವಿನ ಮನೆಗೆ ಅತ್ತರು ಬಳಿದ ಹಾಗಿತ್ತು. ಅದರ ಅಡಿಯಲ್ಲಿ ಇನ್ನೊಂದು ವಾಸನೆ. ನನ್ನ ಮೊಣಕಾಲು ಕೈಕೊಟ್ಟಿರಬಹುದು, ಮೂಗು ಇನ್ನೂ ಕೊಟ್ಟಿಲ್ಲ.

ಬಾಗಿಲಿನಿಂದ ಯಂತ್ರದವರೆಗೆ ಗಾಲಿಯ ಎರಡು ಗೆರೆ. ಗೆರೆಯ ಅಂಚಿನಲ್ಲಿ ಕಂದು ಬಣ್ಣದ ಪುಡಿ. ಚಿಟಿಕೆ ಎತ್ತಿ ಇನ್ಸ್‌ಪೆಕ್ಟರನ ಮೂಗಿನ ಹತ್ತಿರ ಹಿಡಿದೆ.

"ಇದೇನು?"

"ಮಣ್ಣು, ಮೇಡಂ."

"ಮಣ್ಣಲ್ಲ ಕಣೋ, ಗೊಬ್ಬರ. ಕೊಳೆತ ಗೊಬ್ಬರ. ಈ ರೂಮಲ್ಲಿ ಏನು ಬೆಳೀತಾರೆ, ಬದನೆಕಾಯಾ?"

ಅವನು ಹಿಂದಕ್ಕೆ ಸರಿದ. ನಾನು ಪುಡಿಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡೆ. ನಮ್ಮ ಪಕ್ಕದಲ್ಲಿ ಯಂತ್ರ ಒಂದೇ ಸಮನೆ ಗುರ್ರೆನ್ನುತ್ತಿತ್ತು. ಮಾತಾಡಬೇಕಾದರೆ ಕೂಗಬೇಕು. ಅದರ ಜೋಡಿ ಯಂತ್ರ ಮೂಲೆಯಲ್ಲಿ ಕೈಕಾಲು ಬಿಚ್ಚಿಕೊಂಡು ಧೂಳು ತಿನ್ನುತ್ತಿತ್ತು.

"ಇದನ್ನ ಯಾರು ಓಡಿಸ್ತಿದಾರೆ?"

"ಮೇಲೆ ಕಂಟ್ರೋಲ್ ರೂಮಿಂದಾನೇ ಓಡುತ್ತೆ. ಈ ರೂಮಿಗೆ ಮೊನ್ನೆಯಿಂದ ನಮ್ಮದೇ ಬೀಗ. ಒಂದು ನೊಣಾನೂ ಒಳಗೆ ಬಿಟ್ಟಿಲ್ಲ." ಹೇಳುವಾಗ ಎದೆ ಉಬ್ಬಿತು.

"ಭೇಷ್," ಅಂದೆ. ತಾನು ಎಂಥ ಒಳ್ಳೆಯ ಮಾತು ಹೇಳಿದ ಅಂತ ಅವನಿಗೇ ಗೊತ್ತಿರಲಿಲ್ಲ.

ಮೇಲೆ ಹೋದೆ. ಮುಂಬಾಗಿಲಿನ ಹಜಾರದಲ್ಲಿ ಆಳೆತ್ತರದ ಪರದೆ. "ಈ ಕಟ್ಟಡ ಉಸಿರಾಡುತ್ತದೆ" ಎಂದು ಹಸಿರು ಅಕ್ಷರದಲ್ಲಿ ಬರೆದು, ಕೆಳಗೆ ಇವತ್ತು ಈ ಕಟ್ಟಡ ಎಷ್ಟು ಮರ ಉಳಿಸಿತು ಅಂತ ಅಂಕಿ ಓಡಿಸುತ್ತಿದ್ದರು. ನಾನು ನೋಡುತ್ತಿದ್ದಂತೆಯೇ ಇನ್ನೊಂದು ಮರ ಉಳಿಯಿತು. ಕೆಳಗೆ ಒಬ್ಬ ಮನುಷ್ಯ ಉಸಿರಿಲ್ಲದೆ ಸತ್ತು ಇನ್ನೂ ಮೂರು ದಿನ ಆಗಿಲ್ಲ. ಥೂ, ಆ ಪರದೆಯನ್ನಾದರೂ ಆರಿಸಬಾರದಾ ಇವರು?

ಲೆಕ್ಕಪತ್ರ ವಿಭಾಗದಲ್ಲಿ ಕಾಲಿಟ್ಟರೆ ಹಲ್ಲು ಕಟಕಟ ಅಂದವು. ಹೊರಗೆ ಬಿಸಿಲು ನೆತ್ತಿ ಸುಡುತ್ತಿದೆ, ಒಳಗೆ ಹೆಂಗಸರು ಶಾಲು ಹೊದ್ದು ಕೀಬೋರ್ಡು ಕುಟ್ಟುತ್ತಿದ್ದಾರೆ. ಒಬ್ಬಾಕೆಯ ಮೇಜಿನ ಅಡಿ ಏನೋ ಕೆಂಪಗೆ ಹೊಳೆಯಿತು. ಬಗ್ಗಿ ನೋಡಿದೆ. ಹೀಟರ್! ಪಕ್ಕದ ಮೇಜಿನ ಅಡಿಯೂ ಒಂದು. ಆ ಸಾಲಿನ ಉದ್ದಕ್ಕೂ ಪುಟ್ಟ ಪುಟ್ಟ ಹೀಟರ್‌ಗಳು ಕರೆಂಟು ಕುಡಿಯುತ್ತಾ ಕೂತಿದ್ದವು.

"ಇದೇನ್ರಮ್ಮ, ಮೇಲಿಂದ ಫ್ರಿಜ್ಜು, ಕೆಳಗಿಂದ ಒಲೆ?"

"ಏನ್ ಮಾಡೋದು ಮೇಡಂ, ಮೇಲಿನ ಮಹಡಿ ಸಾಹೇಬರುಗಳಿಗೆ ಕೋಟು ಹಾಕ್ಕೊಂಡ್ರೂ ಬೆವರಬಾರದು. ನಮ್ಮ ಕಾಲು ಮರಗಟ್ಟುತ್ತೆ," ಅಂದಳು ಆಕೆ. ಆಮೇಲೆ ದನಿ ತಗ್ಗಿಸಿದಳು. "ತಪಾಸಣೆಗೆ ಬರ್ತಾರೆ ಅಂದಾಗ ಮಾತ್ರ ಹೀಟರ್ ಬೀರೂಲಿ ಇಟ್ಟು ಬೀಗ ಹಾಕು ಅಂತಾರೆ."

"ಆಡಿಟರ್ ತೀರಿಕೊಂಡ್ರಲ್ಲ, ಅದರ ಮಾರನೇ ದಿನ? ಸೆಕೆ ಆಯ್ತಾ?"

"ಸೆಕೇನಾ? ನಿನ್ನೆಯಂತೂ ನಾನು ಎರಡು ಶಾಲು ಹೊದ್ದಿದ್ದೆ."

ಇಡೀ ಸಾಲು ತಲೆಯಾಡಿಸಿತು. ಸತ್ತವನಿಗೋಸ್ಕರ ಒಂದು ದಿನ ಎಸಿ ಕಡಿಮೆ ಮಾಡಿದ್ದರೂ ನನ್ನ ಕೆಲಸ ಕಷ್ಟವಾಗುತ್ತಿತ್ತು. ಅಷ್ಟು ಮಾನ ಮರ್ಯಾದೆ ಇಲ್ಲಿ ಯಾರಿಗೂ ಇರಲಿಲ್ಲ, ನನಗೆ ಅನುಕೂಲವಾಯಿತು.

ಹಿಂದಿನ ಗೇಟಿನಲ್ಲಿ ಮಾಲಿ ತಳ್ಳುಗಾಡಿಗೆ ಕುಂಡ ಏರಿಸುತ್ತಿದ್ದ. ಐವತ್ತರ ಗಂಡಸು, ಒಡೆದ ಕಂಠ, ಮೊಣಕೈವರೆಗೆ ಗೊಬ್ಬರ. ಕುಂಡಗಳಲ್ಲಿದ್ದ ಗಿಡಗಳೆಲ್ಲ ಹಳದಿ ತಿರುಗಿ ಬಾಡಿದ್ದವು.

"ಯಾಕಪ್ಪ, ನೀರು ಹಾಕಲ್ವಾ?"

"ನೀರು ಹಾಕ್ತೀನಮ್ಮ, ಬಿಸಿಲು ಎಲ್ಲಿಂದ ತರಲಿ? ಆ ಚಳೀಲಿ, ಆ ಟ್ಯೂಬ್‌ಲೈಟಲ್ಲಿ ಇಟ್ರೆ ವಾರಕ್ಕೇ ಗೊಟಕ್. ಇಲ್ಲಿಗೆ ಗಿಡ ಬರೋದೇ ಸಾಯೋಕೆ. ಸತ್ತಿದ್ದು ತಗೊಂಡು ಹೋಗೋದು, ಸಾಯೋದು ತಂದಿಡೋದು." ಅವನು ನಕ್ಕ. ನನಗೂ ನಗು ಬಂತು, ಈ ಕಟ್ಟಡಕ್ಕೆ ಬಂದ ಮೇಲೆ ಮೊದಲನೇ ಸಲ.

ಗಿಡದ ಮಾತಿಂದ ಗೊಬ್ಬರದ ಮಾತಿಗೆ, ಗೊಬ್ಬರದಿಂದ ಗಾಡಿಗೆ ಎಳೆದುಕೊಂಡು ಬಂದೆ. "ಈ ಗಾಡಿ ಕೆಳಗೆ ಚಿಲ್ಲರ್ ರೂಮಿಗೂ ಹೋಗುತ್ತಾ?"

ಅವನ ಕೈ ನಿಂತಿತು.

"ನಾನು ಕೇಳಿದ್ದು ಗಾಡೀನ. ನಿನ್ನನ್ನಲ್ಲ."

"ಅಮ್ಮಾ, ಗೊಬ್ಬರದ ಮೂಟೆ ಅಡಿ ಏನೋ ಇಡ್ತಾರೆ. ಉಸ್ತುವಾರಿ ಸಾಹೇಬರ ಕಡೆಯವರು ಗಿಡದ ಗೋಡೌನಲ್ಲೇ ಇಟ್ಟು ಕೊಡ್ತಾರೆ. ಉದ್ದಕ್ಕಿದೆ, ಭಾರ. ಏನಿದು ಅಂದ್ರೆ ನೀರಿನ ಫಿಲ್ಟರ್ ಅಂದ್ರು. ಒಳಗೆ ಬರೋ ಗೊಬ್ಬರ ಯಾವ ಗೇಟ್‌ನೋನು ಮುಟ್ತಾನೆ ಹೇಳಿ? ಹೊರಗೆ ಹೋಗೋ ಗಾಡಿನ ಮಾತ್ರ ಕಳ್ಳಮಾಲು ಅಂತ ಬುಡಸಮೇತ ಜಾಲಾಡ್ತಾರೆ. ಕೆಳಗೆ ತಳ್ಳು ಅಂದ್ರು, ತಳ್ಳಿದೆ." ಅತ್ತಿತ್ತ ನೋಡಿದ. "ನಾನು ಹೇಳಿದೆ ಅಂತ ಮಾತ್ರ ಹೇಳಬೇಡಿ. ಮನೇಲಿ ಓದೋ ಹೆಣ್ಣುಮಕ್ಕಳಿದಾರೆ."

"ನಿನ್ನ ಸುದ್ದಿ ನನ್ನ ಬಾಯಲ್ಲಿ ಬರಲ್ಲ. ಹೋಗು, ಕೆಲಸ ನೋಡು."

ಹಾಗೆ ಮಾತು ಕೊಟ್ಟು ಲಿಫ್ಟ್ ಹತ್ತಿದೆ.

ಕಟ್ಟಡದ ಉಸ್ತುವಾರಿ ನೋಡುವವನಿಗೆ ಎಲ್ಲರೂ ಹಸಿರು ಸಾಹೇಬ ಅನ್ನುತ್ತಾರೆ. ಟೈ ಹಸಿರು, ಪೆನ್ನು ಹಸಿರು, ಮಾತೂ ಎಳೆ ಹುಲ್ಲಿನ ಹಾಗೆ ಮೆತ್ತಗೆ. ಗೋಡೆಯ ತುಂಬ ಪ್ರಶಸ್ತಿಗಳು, ಎಲ್ಲವೂ ಗಾಜಿನ ಎಲೆಗಳು. ನಡುವೆ ಚೌಕಟ್ಟು ಹಾಕಿದ ಒಂದು ಫಲಕ: "ಐದು ವರ್ಷ, ಶೂನ್ಯ ಸೋರಿಕೆ."

ಇಡೀ ಕಟ್ಟಡದಲ್ಲಿ ತೆರೆಯುವ ಕಿಟಕಿ ಇರುವುದು ಅವನ ಕೋಣೆಯಲ್ಲಿ ಮಾತ್ರ. ಅದನ್ನು ಅಗಲಕ್ಕೆ ತೆರೆದಿದ್ದ. ಮೇಲೆ ಎಸಿಯೂ ಓಡುತ್ತಿತ್ತು.

"ನನಗೆ ಎಸಿ ಆಗಿಬರಲ್ಲ ಅಮ್ಮ, ಶೀತ ಆಗುತ್ತೆ," ಅಂದ.

ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಬಿಸಿನೀರು ತರಿಸಲಾ ಅಂದ. ನಿಮ್ಮ ನೀರು ಬೇಡ ಅಂದೆ.

"ಸಾಹೇಬ್ರೇ, ಒಂದೇ ಪ್ರಶ್ನೆ. ಕೆಳಗಿನ ಯಂತ್ರದಲ್ಲಿ ಗ್ಯಾಸ್ ಇದೆಯೋ ಇಲ್ವೋ?"

"ಅದು ಸೋರಿ ಹೋಯ್ತಲ್ಲ. ಅದಕ್ಕೇ ತಾನೇ ಪಾಪ, ಆ ಆಡಿಟರ್..." ಅಂತ ನಾಲಿಗೆ ಲೊಚಗುಟ್ಟಿದ.

"ಮತ್ತೆ ಈ ಕಟ್ಟಡ ತಂಪಾಗಿರೋದು ಹೇಗೆ?"

ಅವನು ಟಿಕ್ ಟಿಕ್ ಅನ್ನಿಸುತ್ತಿದ್ದ ಪೆನ್ನನ್ನು ಮೇಜಿನ ಮೇಲಿಟ್ಟ.

"ಮನುಷ್ಯ ಸಾಯೋ ಅಷ್ಟು ಗ್ಯಾಸ್ ಸೋರಿದ್ರೆ ಯಂತ್ರ ಬರಿದಾಗಬೇಕು. ಬರಿದಾದ ಯಂತ್ರ ತಂಪು ಮಾಡಲ್ಲ. ನಿಮ್ಮ ಲೆಕ್ಕದ ಹೆಂಗಸರು ನಿನ್ನೆ ಎರಡೆರಡು ಶಾಲು ಹೊದ್ದಿದ್ರು. ಇರೋದು ಒಂದೇ ಯಂತ್ರ, ಇನ್ನೊಂದು ಬಿಚ್ಚಿ ಬಿದ್ದಿದೆ."

"ಆಮೇಲೆ ಯಾರಾದ್ರೂ ತುಂಬಿಸಿರಬಹುದು."

"ಯಾರು? ಮೊನ್ನೆಯಿಂದ ಬೀಗ ಪೊಲೀಸರದ್ದು. ಇನ್ಸ್‌ಪೆಕ್ಟರ್ ನೊಣಾನೂ ಬಿಟ್ಟಿಲ್ಲ ಅಂತಾನೆ. ಅಂದಮೇಲೆ ಆಡಿಟರ್‌ನ ಕೊಂದ ಗ್ಯಾಸ್ ಯಂತ್ರದ್ದಲ್ಲ, ಸಿಲಿಂಡರಿನದ್ದು. ನಿಮ್ಮ ಹಳೇ ಯಂತ್ರ ತೂತು ಬಿದ್ದ ಕೊಡದ ಹಾಗೆ ಸೋರುತ್ತೆ, ಕದ್ದು ಸಿಲಿಂಡರ್ ತಂದು ತುಂಬಿಸ್ತಾನೇ ಇರಬೇಕು. ಗೋಡೆ ಮೇಲೆ ಮಾತ್ರ ಶೂನ್ಯ ಸೋರಿಕೆ!"

ಆ ಗ್ಯಾಸಿನ ವಿಷಯ ನಾನೂ ನಿನ್ನೆಯಷ್ಟೇ ಕೇಳಿ ತಿಳಿದಿದ್ದೆ. ಒಂದು ಕಿಲೋ ಗಾಳಿಗೆ ಬಿಟ್ಟರೆ ಸಾವಿರ ಕಿಲೋಗೂ ಮೀರಿದ ಹೊಗೆ ಬಿಟ್ಟಷ್ಟು ಭೂಮಿ ಬಿಸಿಯಾಗುತ್ತದಂತೆ. ಅದನ್ನು ಲೆಕ್ಕಕ್ಕೆ ಹಿಡಿದರೆ ಆ ಗಾಜಿನ ಎಲೆಗಳೆಲ್ಲ ಗೋಡೆಯಿಂದ ಉದುರುತ್ತವೆ. ಮೇಲೆ ಥಳಕು, ಒಳಗೆ ಹುಳುಕು.

"ಯಂತ್ರ ಸೋರಿತು ಅಂದ್ರೆ, ಕಟ್ಟಡ ಇನ್ನೂ ತಂಪಾಗಿದೆಯಲ್ಲ. ಸಿಲಿಂಡರ್ ಅಂದ್ರೆ ನಿಮ್ಮ ವರದಿ ಸುಳ್ಳು. ಯಾವುದು ಹೇಳ್ತೀರೋ ಹೇಳಿ."

ಬಿಸಿತುಪ್ಪ ಬಾಯಿಗೆ ಬಿದ್ದಿತ್ತು. ಆದರೂ ಅವನು ಹಲ್ಲು ಬಿಟ್ಟ. "ಸಿಲಿಂಡರ್ ಬಂದಿದ್ದಕ್ಕೆ ಏನಮ್ಮ ಸಾಕ್ಷಿ?"

ಆಗ ನಾನು ಮಾಡಬಾರದ್ದು ಮಾಡಿದೆ. ಗೆದ್ದೆ ಅನ್ನೋ ಹುಮ್ಮಸ್ಸು. ಕರವಸ್ತ್ರ ಬಿಚ್ಚಿ ಆ ಗೊಬ್ಬರದ ಪುಡಿಯನ್ನು ಅವನ ಹೊಳೆಯುವ ಮೇಜಿನ ಮೇಲೆ ಸುರಿದೆ.

"ಇದು ಚಿಲ್ಲರ್ ರೂಮಿನ ನೆಲದ್ದು. ಗಾಲಿಯ ಗುರುತಿನ ಜೊತೆಗೇ ಇದೆ."

ಅವನು ಮೂಗು ಮುರಿಯಲಿಲ್ಲ. ಬಗ್ಗಿ ನೋಡಿದ, ಬೆರಳಲ್ಲಿ ಮುಟ್ಟಿದ, ಟಿಶ್ಯೂವಿನಲ್ಲಿ ಬೆರಳು ಒರೆಸಿಕೊಂಡ. ಮುಖದ ಮೇಲೆ ನೆಮ್ಮದಿ ಹರಡುತ್ತಾ ಬಂತು.

"ಗೊಬ್ಬರ ತರೋದು ಮಾಲಿ," ಅಂದ. "ಅಂದಮೇಲೆ ಸಿಲಿಂಡರೂ ಮಾಲಿದೇ. ಎಂಥ ಕೆಲಸ ಮಾಡಿದ ನೋಡಿ! ಕದ್ದ ಮಾಲು ಬಚ್ಚಿಡೋಕೆ ನಮ್ಮ ನೆಲಮಾಳಿಗೆನೇ ಬೇಕಾಗಿತ್ತಾ ಅವನಿಗೆ?"

ಕೋತಿ ತಾನು ಮೊಸರು ತಿಂದು ಮೇಕೆ ಮೂತಿಗೆ ಒರೆಸಿತು ಅಂತ ಕೇಳಿದ್ದೆ. ಕಣ್ಣಾರೆ ನೋಡಿದ್ದು ಅವತ್ತೇ.

ಅವನು ಫೋನು ಎತ್ತಿ ಇನ್ಸ್‌ಪೆಕ್ಟರಿಗೆ ಹಚ್ಚಿದ. "ಸರ್, ತುಂಬಾ ಬೇಜಾರಿನ ವಿಷಯ. ಆ ಹುಡುಗ ಮೆಕ್ಯಾನಿಕ್ ನಿರಪರಾಧಿ ಅನ್ಸುತ್ತೆ. ನಮ್ಮ ಮಾಲಿ ಗೊಬ್ಬರದ ಗಾಡೀಲಿ ಕಳ್ಳ ಸಿಲಿಂಡರ್ ತಂದು ಇಟ್ಟಿದ್ದ, ಅದೇ ಸೋರಿದೆ. ನಿಮ್ಮ ಮೇಡಮ್ಮೇ ಕಂಡುಹಿಡಿದ್ರು. ಹೌದು ಸರ್, ಇಲ್ಲೇ ಇದಾರೆ."

ಫೋನನ್ನು ನನ್ನ ಕಡೆ ಹಿಡಿದ.

ನಾಲಿಗೆ ಅಂಗುಳಕ್ಕೆ ಅಂಟಿತ್ತು ಅಂದರೆ ಅದು ಸುಳ್ಳು. ನಾಲಿಗೆ ನೆಟ್ಟಗೇ ಇತ್ತು. ಮೊದಲು ನಮ್ಮ ಹುಡುಗ ಹೊರಗೆ ಬರಲಿ, ಮಾಲಿಯ ಪಾಡು ನಾಳೆ ನೋಡೋಣ ಅಂತ ನಾನು ಮನಸ್ಸಿನಲ್ಲೇ ಎಣಿಸಿದೆ.

"ಗೊಬ್ಬರ ಸಿಕ್ಕಿದ್ದು ನಿಜ ಕಣಪ್ಪ," ಅಂದೆ. ಅಷ್ಟೇ ಅಂದೆ.

ಹಸಿರು ಸಾಹೇಬ ನನ್ನನ್ನು ಬಾಗಿಲವರೆಗೆ ಕಳಿಸಿಕೊಟ್ಟ. ಕೈ ಮುಗಿದ. ನನ್ನ ಕೈಗಳೂ ತಾವಾಗೇ ಮುಗಿದವು. ಲಿಫ್ಟಿನಲ್ಲಿ ಇಳಿಯುವಾಗ ಆ ಕೈಗಳನ್ನು ಸೀರೆಗೆ ಒರೆಸಿಕೊಂಡೆ. ಎಷ್ಟು ಒರೆಸಿದರೂ ಗೊಬ್ಬರದ ವಾಸನೆ ಹೋಗಲಿಲ್ಲ. ಗೊಬ್ಬರದ್ದೇ ಆಗಿದ್ದರೆ ಸೋಪಿಗೆ ಹೋಗುತ್ತಿತ್ತು.

ಠಾಣೆಯ ಮೆಟ್ಟಿಲ ಮೇಲೆ ತಂಗಿಯ ಮಗಳು ಗಂಡನ ಬಟ್ಟೆಯ ಚೀಲ ಹಿಡಿದು ನಿಂತಿದ್ದಳು. ಮೊನ್ನೆಯಿಂದ ಅತ್ತು ಅತ್ತು ಕಣ್ಣು ಬಾತುಕೊಂಡಿದ್ದವು. ನನ್ನನ್ನು ಕಂಡವಳೇ ಓಡಿಬಂದು ತಬ್ಬಿಕೊಂಡಳು.

"ದೊಡ್ಡಮ್ಮ! ಬಿಡ್ತಾರಂತೆ! ನೀವಿಲ್ದೇ ಇದ್ದಿದ್ರೆ ನಮ್ಮ ಗತಿ ಏನಾಗ್ತಿತ್ತು?"

"ಸರಿ ಸರಿ, ಬಿಡು. ಉಸಿರು ಕಟ್ಟಿಸ್ತೀಯ."

ಆಡಿದ ಮೇಲೆ ಆ ಮಾತು ನನಗೇ ಚುಚ್ಚಿತು.

ಇನ್ಸ್‌ಪೆಕ್ಟರ್ ಒಳಗೆ ನನ್ನನ್ನು ಕಂಡು ಎದ್ದು ನಿಂತ. "ಮೇಡಂ, ಕೇಸು ಇನ್ನೂ ಬರೆದಿರಲಿಲ್ಲ, ಒಳ್ಳೇದಾಯ್ತು. ಅಳಿಯಂದಿರನ್ನ ಕರ್ಕೊಂಡು ಹೋಗಿ. ಮಾಲೀನ ಕರ್ಕೊಂಡು ಬರೋಕೆ ಜೀಪ್ ಹೋಗಿದೆ."

ಹಿಂದಿನ ಕೋಣೆಯಲ್ಲಿ ಅಳಿಯ ಬೆಂಚಿನ ತುದಿಯಲ್ಲಿ ಕೂತಿದ್ದ. ಗ್ರೀಸು ಮೆತ್ತಿದ ಅದೇ ಅಂಗಿ. ನಾನೇ ಹುಡುಕಿ ತಂದ ಗಂಡು. ಜೋರಾಗಿ ಮಾತಾಡಿದವನಲ್ಲ, ಹಬ್ಬ ಹುಣ್ಣಿಮೆಗೂ ಸಾಹೇಬರ ಫೋನು ಬಂದರೆ ಊಟ ಬಿಟ್ಟು ಏಳುವವನು. ಅದನ್ನೇ ನಾವೆಲ್ಲ ಒಳ್ಳೆಯತನ ಅಂದುಕೊಂಡಿದ್ದೆವು.

"ಏಳಪ್ಪ, ಮನೆಗೆ ಹೋಗೋಣ. ಗ್ಯಾಸ್ ಯಂತ್ರದ್ದಲ್ಲ ಅಂತ ಆಯ್ತು. ಸಿಲಿಂಡರಿನದ್ದು."

ಬಿಡುಗಡೆಯ ಸುದ್ದಿ ಕೇಳಿದವನ ಮುಖ ಅರಳಬೇಕು. ಅವನದು ಬಿಳಿಚಿತು.

"ಅದು ಹೇಗೆ ಗೊತ್ತಾಯ್ತು ಅತ್ತೆ?"

"ಹೇಗೋ ಗೊತ್ತಾಯ್ತು. ಮಾಲಿ ಮೇಲೆ ಹಾಕಿದಾರೆ. ಅದನ್ನ ಆಮೇಲೆ..."

"ಮಾಲಿ ಏನೂ ಮಾಡಿಲ್ಲ."

"ನನಗೂ ಗೊತ್ತು. ಏಳು ಮೊದಲು."

"ಸಿಲಿಂಡರ್ ಬಿಚ್ಚಿದ್ದು ನಾನೇ, ಅತ್ತೆ."

ನಾನು ಬಾಗಿಲು ಮುಂದಕ್ಕೆ ಎಳೆದೆ.

ಅವನು ನೆಲ ನೋಡುತ್ತಾ ಹೇಳಿದ. ತಪಾಸಣೆಯವರು ಬರುವ ಮುಂಚೆ ಪ್ರತಿ ಸಲವೂ ಹೀಗೇ ಮಾಡುತ್ತಾರಂತೆ. ಉಳಿದ ಸಿಲಿಂಡರುಗಳನ್ನು ತುಂಬಿದ ಹಾಗೇ ಹೊರಗೆ ಒಯ್ದರೆ ಗೇಟಿನಲ್ಲಿ ಸಿಕ್ಕಿಬೀಳುತ್ತಾರೆ. ಖಾಲಿಯಾದರೆ ಹಳೇ ಕಬ್ಬಿಣ ಅಂತ ಗುಜರಿಗೆ ಹೋಗುತ್ತವೆ. ಅದಕ್ಕೆ ಬಿಚ್ಚಿ ಗಾಳಿಗೆ ಬಿಡೋದು. ಹೊಗೆ ಕಡಿಮೆ ಅಂತ ತೋರಿಸಲು ಹೊಗೆಗಿಂತ ಸಾವಿರ ಪಾಲು ಕೆಟ್ಟದ್ದನ್ನು ಬಿಡೋದು! ಇಂಥ ಬುದ್ಧಿ ಪ್ರಾಣಿಗಳಿಗೂ ಇರಲಿಕ್ಕಿಲ್ಲ.

"ಸಾಹೇಬ್ರು ಬೇಗ ಬಿಚ್ಚು ಅಂದ್ರು. ಎಲ್ಲ ವಾಲ್ವು ತೆಗೆದು, ಹೊರಗೆ ಬಂದು ಚಿಲಕ ಹಾಕಿದೆ. ಆಡಿಟರ್ ಹೇಳಿದ್ದಕ್ಕಿಂತ ಮುಂಚೇನೇ ಬಂದು ಯಂತ್ರದ ಹಿಂದೆ ಇದ್ರು. ನಾನು ನೋಡ್ಲಿಲ್ಲ ಅತ್ತೆ. ನಿಜವಾಗ್ಲೂ ನೋಡ್ಲಿಲ್ಲ. ಆ ಸದ್ದಲ್ಲಿ ಅವರಿಗೂ ನಾನು ಬಂದಿದ್ದು ಕೇಳಿಸಿರಲ್ಲ."

ನನ್ನ ಎದೆಯ ಮೇಲಿನ ಭಾರ ಅರ್ಧ ಇಳಿಯಿತು. "ಗೊತ್ತಿಲ್ದೇ ಆಗಿದ್ದು. ಅದನ್ನೇ ಹೇಳೋಣ. ಸಾಹೇಬ ಹೇಳಿದ್ದಕ್ಕೆ ಬಿಚ್ಚಿದೆ ಅನ್ನು. ಹೆದರಬೇಡ, ನಾನಿದ್ದೀನಿ."

ಅವನು ತಲೆ ಅಲ್ಲಾಡಿಸಿದ.

"ಬಾಗಿಲು ಬಡಿದ್ರು."

"ಯಾರು?"

"ಒಳಗಿಂದ. ಜೋರಾಗಿ ಬಡಿದ್ರು. ನಾನು ಸಾಹೇಬ್ರಿಗೆ ಫೋನ್ ಮಾಡ್ದೆ. ಒಳಗೆ ಯಾರೋ ಇದಾರೆ ಅಂದೆ. 'ಪಾರ್ಕಿಂಗಲ್ಲಿ ದೊಡ್ಡೋರೆಲ್ಲ ಬಂದು ನಿಂತಿದಾರೆ, ಈಗ ಬಾಗಿಲು ತೆಗೆದ್ರೆ ಎಲ್ಲಾ ಬಯಲಾಗುತ್ತೆ, ಸ್ವಲ್ಪ ತಡಿ' ಅಂದ್ರು."

"ನೀನು?"

"ತಡೆದೆ."

"ಎಷ್ಟು ಹೊತ್ತೋ?"

"ಬಡಿಯೋದು ನಿಲ್ಲೋವರೆಗೂ."

ಅಷ್ಟು ವರ್ಷ ಪೊಲೀಸ್ ಕೆಲಸ ಮಾಡಿದ್ದೇನೆ, ಕೊಚ್ಚಿದವರನ್ನೂ ಸುಟ್ಟವರನ್ನೂ ಎದುರಿಗೆ ಕೂರಿಸಿಕೊಂಡು ಊಟ ಮಾಡಿದ್ದೇನೆ. ಅವತ್ತು ಮಾತ್ರ ಗೋಡೆ ಹಿಡಿದುಕೊಂಡು ನಿಂತೆ. ಅವನು ಹೇಳುತ್ತಲೇ ಇದ್ದ: ಆಮೇಲೆ ಚಿಲಕ ತೆಗೆದು, ಖಾಲಿ ಸಿಲಿಂಡರುಗಳನ್ನು ಹೊರಗೆ ಎಳೆದು, ಬಾಗಿಲು ಸುಮ್ಮನೆ ಎಳೆದಿಟ್ಟು, ಅವನ್ನು ಗುಜರಿಗೆ ಹಾಕಿ ಬಂದನಂತೆ. ಯಂತ್ರ ಸೋರಿತು ಅಂತ ಒಪ್ಪಿಕೋ, ಬರೀ ಅಜಾಗರೂಕತೆ ಕೇಸು, ಬೇಗ ಬಿಡಿಸ್ತೀನಿ ಅಂತ ಸಾಹೇಬ ಮಾತು ಕೊಟ್ಟಿದ್ದನಂತೆ. ಬಿಡಿಸಿಯೇ ಬಿಟ್ಟ, ಅದೂ ನನ್ನ ಕೈಯಿಂದಲೇ.

"ಅವಳಿಗೆ ಹೇಳಬೇಡಿ ಅತ್ತೆ," ಅಂದ. "ನಿಮ್ಮ ಕಾಲಿಗೆ ಬೀಳ್ತೀನಿ."

ಬಗ್ಗಲು ಬಂದವನನ್ನು ತಳ್ಳಿದೆ. ಮುಟ್ಟಲೂ ಅಸಹ್ಯವಾಯಿತು. ಅವನು ಅಳುತ್ತಿದ್ದ, ಅದನ್ನು ನೋಡಿ ಕರುಳು ಚುರುಕ್ ಅಂದದ್ದೂ ನಿಜ. ಅದಕ್ಕೇ ನನ್ನ ಮೇಲೆ ನನಗೆ ಇನ್ನಷ್ಟು ಹೇಸಿಗೆಯಾಯಿತು.

ಬಾಗಿಲು ತಳ್ಳಿಕೊಂಡು ತಂಗಿಯ ಮಗಳು ಒಳಗೆ ಬಂದಳು. ಗಂಡನ ಮುಖವನ್ನು ಸೆರಗಿನಲ್ಲಿ ಒರೆಸಿದಳು. "ಅಯ್ಯೋ, ಬಿಟ್ಟಿದ್ದಕ್ಕೂ ಅಳ್ತಾರಾ? ಪೆದ್ದು," ಅಂತ ನಕ್ಕಳು. ಮೊನ್ನೆಯಿಂದ ಆ ಹುಡುಗಿ ನಕ್ಕಿರಲಿಲ್ಲ. ಒಂದು ಕೈಯಲ್ಲಿ ಅವನನ್ನು, ಇನ್ನೊಂದರಲ್ಲಿ ನನ್ನನ್ನು ಹಿಡಿದು ಹೊರಗೆ ಎಳೆದುಕೊಂಡು ಬಂದಳು.

ಅದೇ ಹೊತ್ತಿಗೆ ಇಬ್ಬರು ಪೇದೆಗಳು ಮಾಲಿಯನ್ನು ಒಳಗೆ ತಂದರು. ಒಬ್ಬನ ಕೈ ಅವನ ಕುತ್ತಿಗೆಪಟ್ಟಿಯ ಮೇಲಿತ್ತು. ಕಾಲಲ್ಲಿ ಚಪ್ಪಲಿ ಒಂದೇ ಇತ್ತು. ಹೆದರಿ ಕಂಗಾಲಾಗಿ ಅತ್ತಿತ್ತ ನೋಡುತ್ತಿದ್ದವನು ನನ್ನನ್ನು ಕಂಡ. ಮುಖ ಅರಳಿತು.

"ಅಮ್ಮಾ! ಸದ್ಯ, ನೀವಿದ್ದೀರಲ್ಲ! ಇವರು ಏನೇನೋ ಕೇಳ್ತಿದಾರೆ. ಸ್ವಲ್ಪ ಹೇಳಿ ಅಮ್ಮ ಇವರಿಗೆ."

"ಯಾರು ದೊಡ್ಡಮ್ಮ ಅದು? ಬನ್ನಿ, ಮನೆಗೆ ಹೋಗೋಣ," ಅಂತ ತಂಗಿಯ ಮಗಳು ನನ್ನ ಕೈ ಜಗ್ಗಿದಳು.

ಇನ್ಸ್‌ಪೆಕ್ಟರ್ ಪೆನ್ನಿನ ಮುಚ್ಚಳ ತೆಗೆದು ತಲೆಯೆತ್ತಿದ.

"ಇವನು ನಿಮಗೆ ಗೊತ್ತಾ, ಮೇಡಂ?"